ಮೈ ತಾನೇ ಬಿಗಿದುಕೊಂಡ ದಿನಗಳು

ನನಗೆ ಮದುವೆಯಾದಾಗ ಇಪ್ಪತ್ತಮೂರು ವರ್ಷ. ಆ ಕಾಲದ ಮೂಡಲಗಿಯಲ್ಲಿ ಅಷ್ಟು ವಯಸ್ಸಿನವರೆಗೆ ಮಗಳನ್ನು ಮನೆಯಲ್ಲಿ ಇಟ್ಟುಕೊಂಡವರನ್ನು ಜನ ಒಂದು ಥರ ನೋಡುತ್ತಿದ್ದರು. ನನ್ನ ಅಪ್ಪ ಕಾಳುಕಡಿಯ ವ್ಯಾಪಾರ ಮಾಡುತ್ತಿದ್ದರು. ಪೇಟೆಯಲ್ಲಿ ಯಾರಾದರೂ ನನ್ನ ಮದುವೆಯ ಮಾತು ತೆಗೆದರೆ, "ಕಲಿಯಾಕತ್ತಾಳ, ಕಲೀಲಿ ಬಿಡ್ರಿ" ಎಂದು ಹೇಳಿ ತಕ್ಕಡಿ ಎತ್ತುತ್ತಿದ್ದರು. ಅದರ ಹಿಂದಿನ ಕಾರಣ ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು, ಆದರೆ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ನನ್ನ ಅಕ್ಕ ಹೆರಿಗೆಗೆಂದು ತವರಿಗೆ ಬಂದವಳು ನಮ್ಮ ಮನೆಯಲ್ಲೇ ತೀರಿಕೊಂಡಿದ್ದಳು.

ಆಗ ನಾನು ಶಾಲೆಗೆ ಹೋಗುವ ಹುಡುಗಿ. ಒಳಗಿನ ಕತ್ತಲೆ ಕೋಣೆಗೆ ಬಿಸಿನೀರು ತಂದುಕೊಡುವ ಕೆಲಸ ನನಗೆ ಹಚ್ಚಿದ್ದರು. ಬಾಗಿಲಲ್ಲಿ ಹಂಡೆ ಇಟ್ಟು ಹಿಂತಿರುಗಬೇಕು, ಒಳಗೆ ಇಣುಕಬಾರದು ಎಂದು ಅವ್ವ ಹೇಳಿದ್ದಳು. ನಾನು ಇಣುಕಲಿಲ್ಲ. ಆದರೆ ಕಿವಿ ಮುಚ್ಚಿಕೊಳ್ಳುವುದು ಹೇಗೆ? "ನನ್ನ ಮುಟ್ಟಬ್ಯಾಡ್ರಿ, ಯವ್ವಾ, ಮುಟ್ಟಬ್ಯಾಡ್ರಿ" ಎಂದು ಅಕ್ಕ ಕೂಗುತ್ತಿದ್ದದ್ದು ನನ್ನೊಳಗೆ ಹೊಕ್ಕಿತು. ಆಮೇಲೆ ಕೂಗು ನಿಂತಿತು. ಮಗುವೂ ಉಳಿಯಲಿಲ್ಲ. ದುಃಖ ತಡೆಯಲಾರದೆ ಅವ್ವ ಆ ಕೋಣೆಗೆ ಕೀಲಿ ಹಾಕಿದಳು. ಅಪ್ಪ ನನ್ನನ್ನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡಿಸಿದರು, ಅದು ಪಾಸಾದ ಮೇಲೆ ಶಿಕ್ಷಕಿಯರ ಟ್ರೇನಿಂಗಿಗೆ ಕಳಿಸಿದರು. ಕಡೆಗೆ ನಾನು ಗೋಕಾಕದ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿ, ಒಬ್ಬ ದೂರದ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಸುಖವಾಗಿಯೇ ಇದ್ದೆ.

ಹುಕ್ಕೇರಿಯ ಸಂಬಂಧ ಬಂದಾಗ ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಹುಡುಗ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅವರದು ಸೀರೆಯ ಅಂಗಡಿ. ಮಾವನವರು ತೀರಿಹೋಗಿದ್ದರು, ಇದ್ದವರು ಅತ್ತೆ ಮತ್ತು ಈ ಒಬ್ಬನೇ ಮಗ. ನೋಡಲು ಬಂದ ದಿನ ಅವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಸಾಲಿ ಬಿಡಬೇಕಾಕ್ಕೈತಿ, ನಿಮಗ ಬ್ಯಾಸರ ಆಗೂದಿಲ್ಲೇನ್ರಿ?" ನೋಡಲು ಬಂದ ಗಂಡು ಹೆಣ್ಣಿಗೆ 'ನೀವು' ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವರು ನನ್ನ ಮನಸ್ಸಿಗೆ ಬಂದರು. ಇದನ್ನು ಮೊದಲೇ ಹೇಳುತ್ತೇನೆ. ಮುಂದೆ ನಡೆದದ್ದು ಮನಸ್ಸಿಗೆ ಬಾರದ ಗಂಡನ ಕಥೆ ಎಂದು ಯಾರೂ ತಿಳಿಯಬಾರದು.

ಪ್ರಸ್ತವಾಯಿತು. ಅವರು ಹತ್ತಿರ ಬಂದರೆ ನನ್ನ ತೊಡೆಗಳು ಕಲ್ಲಾಗುತ್ತಿದ್ದವು. ಮನಸ್ಸು ಇರಲಿ ಇರಲಿ ಎನ್ನುತ್ತಿತ್ತು, ಮೈ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿತ್ತು. ಅದರ ಮೇಲೂ ಪ್ರಯತ್ನಪಟ್ಟರೆ ಸುಟ್ಟಂಥ ನೋವು, ನನಗರಿವಿಲ್ಲದೆ ಬರುವ ಚೀರು. ಅವರು ಹೆದರಿ ದೂರ ಸರಿಯುತ್ತಿದ್ದರು. ನನ್ನ ಕಡೆ ಬೆನ್ನು ಮಾಡಿ ಮಲಗಿದವರಿಗೆ ನಿದ್ದೆ ಬಂದಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು. ಬೆಳಿಗ್ಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಏಳುತ್ತಿದ್ದೆವು. ಇದರ ಬಗ್ಗೆ ಆಡಲು ನಮ್ಮಿಬ್ಬರಲ್ಲೂ ಮಾತೇ ಇರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ನದಿ ಪರ್ವತಗಳ ಹೆಸರು ಕಲಿಸಿದವಳು ನಾನು. ನನ್ನ ಮೈಯ ಆ ಭಾಗಕ್ಕೆ ಬೈಗುಳವಲ್ಲದ ಒಂದು ಹೆಸರು ನನಗೆ ಗೊತ್ತಿರಲಿಲ್ಲ.

ವರ್ಷ ತುಂಬಿತು. ಮುಟ್ಟು ತಪ್ಪಲಿಲ್ಲ. ಅತ್ತೆಯವರು ನನ್ನ ಹೊಟ್ಟೆಯಲ್ಲೇ ದೋಷವಿದೆ ಎಂದುಕೊಂಡರು. ಒಬ್ಬ ವೈದ್ಯರ ಕಹಿ ಗುಳಿಗೆ ತಂದುಕೊಟ್ಟರು, ದೇವರಿಗೆ ಹರಕೆ ಹೊತ್ತರು, ನನ್ನ ತೋಳಿಗೆ ದಾರ ಕಟ್ಟಿದರು. ನಾನು ಎಲ್ಲವನ್ನೂ ಬಾಯಿಮುಚ್ಚಿ ಮಾಡಿದೆ. ಮಗುವಾಗಲು ಮೊದಲು ಆಗಬೇಕಾದದ್ದೇ ಆಗಿಲ್ಲವೆಂದು ಅವರಿಗೆ ಹೇಗೆ ಹೇಳಲಿ?

ಮೇಲವಂಕಿಯಿಂದ ನನ್ನ ಗಂಡನ ಸೋದರತ್ತೆ ಬಂದದ್ದು ಆ ಬೇಸಿಗೆಯಲ್ಲಿ. ಬಂದ ಎರಡನೆಯ ದಿನವೇ ಪಡಸಾಲೆಯಲ್ಲಿ ಕೂತು, ನನಗೆ ಕೇಳಲಿ ಎಂದೇ ದೊಡ್ಡ ದನಿಯಲ್ಲಿ ಹೇಳಿದರು: "ಒಬ್ಬನ ಮಗ ಅದಾನ ನಿನಗ. ಇನ್ನೊಂದ ಮಾಡಿಬಿಡು. ಇಕಿ ಇರ್ತಾಳ ಇರಲಿ, ಯಾರ ಬ್ಯಾಡ ಅಂತಾರ? ನಮ್ಮ ಕಡೆ ಹುಡಿಗಿ ಅದಾವ."

ಅತ್ತೆಯವರು ಎದ್ದು ಅಡಿಗೆಮನೆಗೆ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಒಲೆಯ ಮುಂದೆ ಕೂತು ಒಂದು ರೊಟ್ಟಿ ಸುಟ್ಟರು, ಎರಡನೆಯದನ್ನೂ ಸುಟ್ಟರು. ಆಮೇಲೆ ಹಂಚಿನ ಕಡೆಯೇ ನೋಡುತ್ತ ಕೇಳಿದರು: "ಖರೆ ಹೇಳು. ನೀವಿಬ್ಬರೂ ಗಂಡ ಹೇಣ್ತಿ ಆಗೀರೋ ಇಲ್ಲೋ?"

ಹಿಟ್ಟಿನ ಕೈ ಹಾಗೆಯೇ ನಿಂತಿತು. "ಇಲ್ರಿ ಅತ್ತಿ" ಎಂದೆ. ಆಮೇಲೆ ಅಳು ಬಂತು. ಅಳುತ್ತಲೇ, ಅವರದೇನೂ ತಪ್ಪಿಲ್ಲ, ನನ್ನ ಮೈ ಬಿಗಿದುಕೊಳ್ಳುತ್ತದೆ, ನಾನು ಬೇಕಂತ ಮಾಡುವುದಿಲ್ಲ, ನೋವು ತಾಳಲಾಗುವುದಿಲ್ಲ ಎಂದೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಒಲೆಯೊಳಗಿನ ಕಟ್ಟಿಗೆ ಹಿಂದಕ್ಕೆ ಎಳೆದರು.

"ನಂಗೂ ಬ್ಯಾನಿ ಆಗತಿತ್ತು" ಎಂದರು. "ನಿಮ್ಮ ಮಾವ ಕೆಟ್ಟವರಲ್ಲ. ಆದ್ರ ಅವರಿಗೆ ಗೊತ್ತಿರಲಿಲ್ಲ, ನಾ ಹೇಳಲಿಲ್ಲ. ಹಲ್ಲ ಕಡಕೊಂಡ ಮಲಗತಿದ್ದೆ. ಹೆಂಗಸಿನ ಪಾಲಿಗೆ ಇರೂದ ಅಷ್ಟ ಅಂತ ತಿಳಿದಿದ್ದೆ. ಎಲ್ಲಾರದೂ ಹಂಗ ಇರಬೇಕು ಅಂತ."

ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು. ಅತ್ತೆಯವರೇ ಮೊದಲು ಎಚ್ಚರಗೊಂಡು, "ಇದಕ್ಕ ತಿಳಿದವರು ಯಾರರ ಇರಬೇಕಲ್ಲ?" ಎಂದು ಕೇಳಿದರು.

ಗೋಕಾಕದಲ್ಲಿ ಒಬ್ಬ ಡಾಕ್ಟರಬಾಯಿ ಇದ್ದರು. ಮರಾಠಿ ಮನೆತನದವರು, ಮದುವೆಯಾಗಿರಲಿಲ್ಲ. ತಮ್ಮ ಮನೆಯ ಮುಂಭಾಗದಲ್ಲೇ ಹೆಂಗಸರಿಗಾಗಿ ಒಂದು ಚಿಕ್ಕ ದವಾಖಾನೆ ನಡೆಸುತ್ತಿದ್ದರು. ನಮ್ಮ ಶಾಲೆಗೆ ಮಕ್ಕಳ ಕಣ್ಣು ಹಲ್ಲು ನೋಡಲು ಬರುತ್ತಿದ್ದುದರಿಂದ ನನಗೆ ಅವರ ಗುರುತಿತ್ತು. ಅವರ ನೆನಪು ನನಗೆ ಎಷ್ಟೋ ಸಲ ಬಂದಿತ್ತು. ಆದರೆ ಹುಕ್ಕೇರಿಯಿಂದ ಗೋಕಾಕಕ್ಕೆ ಯಾವ ನೆಪದಲ್ಲಿ ಹೋಗಲಿ, ಹೋಗಿ ಏನೆಂದು ಬಾಯಿಬಿಡಲಿ ಎಂದು ಸುಮ್ಮನಾಗಿದ್ದೆ. ಈಗ ಹೇಳಿದೆ. ಅತ್ತೆಯವರು ಮರುದಿನವೇ ಹೊರಟರು. ಸೋದರತ್ತೆಗೆ "ಸೊಸಿ ಹಲ್ಲ ನೋಯಾಕತ್ತೈತಿ" ಎಂದರು. ಸರ್ವಿಸ್ ಮೋಟಾರಿನಲ್ಲಿ ಧೂಳು ಕುಡಿಯುತ್ತ ನಾವಿಬ್ಬರೂ ಗೋಕಾಕಕ್ಕೆ ಹೋದೆವು. ಅತ್ತೆಯವರಿಗೆ ದಾರಿಯುದ್ದಕ್ಕೂ ವಾಂತಿ. ನಾನು ಅವರ ಹಣೆ ಹಿಡಿದುಕೊಂಡಿದ್ದೆ.

ಡಾಕ್ಟರಬಾಯಿ ನನ್ನ ಗುರುತು ಹಿಡಿದರು. "ಏನ ಅಕ್ಕೋರ, ಸಾಲಿ ಬಿಟ್ಟ ಓಡಿಹೋದ್ರಿ?" ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಬಾಗಿಲು ಮುಂದೆ ಮಾಡಿದರು. ಅತ್ತೆಯವರು ಹೊರಗೆ ಹೋಗಲೋ ಎಂದು ಎದ್ದಾಗ ಡಾಕ್ಟರಬಾಯಿ ನನ್ನನ್ನು ಕೇಳಿದರು: "ಇವರು ಇರಲೋ, ಹೊರಗ ಕೂಡ್ರಲೋ? ನೀ ಹೇಳಿದಂಗ." ನಾನು ಇರಲಿ ಎಂದೆ.

ಎಲ್ಲ ಕೇಳಿಕೊಂಡ ಮೇಲೆ ಅವರು ಮಂಚದ ಕಡೆ ಕೈ ತೋರಿಸಿ, ಪರೀಕ್ಷೆ ಮಾಡಲೇ ಎಂದರು. ನಾನು ಎದ್ದೆ. ಎದ್ದವಳ ಮೈ ಅಲ್ಲಿಯೇ ನಡುಗಲು ಶುರುವಾಯಿತು. ಅವರು ಕೂಡಲೇ ಕುರ್ಚಿಗೆ ಮರಳಿದರು. "ಇವತ್ತ ಬ್ಯಾಡ. ನೀ ಹೂಂ ಅನ್ನೂತನಕ ನಿನ್ನ ಯಾರೂ ಮುಟ್ಟೂದಿಲ್ಲ, ನಾನೂ ಮುಟ್ಟೂದಿಲ್ಲ" ಎಂದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಅವರಿಗೆ ಕೈ ಮುಗಿಯುತ್ತೇನೆ. ಆಮೇಲೆ ಅವರು ಫಕ್ಕನೆ ನನ್ನ ಕಣ್ಣಿನ ಹತ್ತಿರ ಬೆರಳು ತಂದರು. ನನ್ನ ರೆಪ್ಪೆ ಮುಚ್ಚಿತು.

"ಈಗ ಕಣ್ಣ ಯಾರ ಮುಚ್ಚಿದ್ರು? ನೀ ಮುಚ್ಚಿದ್ಯೋ?"

"ಇಲ್ರಿ, ತಾನ ಮುಚ್ಚಿತು."

"ಅದೂ ಹಂಗ. ಅಲ್ಲಿ ಸುತ್ತಲೂ ಸ್ನಾಯು ಅದಾವು. ಹೆದರಿಕಿ ಆದ್ರ ಅವು ತಾವ ಬಿಗೀತಾವು. ಪಾಪಾನೂ ಅಲ್ಲ, ಶಾಪಾನೂ ಅಲ್ಲ, ನಿನ್ನ ಹಟಾನೂ ಅಲ್ಲ. ನಿನ್ನ ಮೈ ನಿನ್ನ ಕಾಯಾಕತ್ತೈತಿ. ಯಾತರಿಂದ ಕಾಯಾಕತ್ತೈತಿ, ಅದನ್ನ ಹೇಳು."

ನಾನು ಏನೂ ಇಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು ಅಕ್ಕನ ಮಾತು. ಆ ಕೋಣೆ, ಹಂಡೆ, ಆ ಕೂಗು. ಇಷ್ಟು ವರ್ಷ ಅವ್ವನ ಮುಂದೆಯೂ ಆಡದಿದ್ದದ್ದನ್ನು ಎಲ್ಲ ಹೇಳಿದೆ. ಗಂಡ ಮುಟ್ಟಿದರೆ ಹೆರಿಗೆ, ಹೆರಿಗೆಯಾದರೆ ಸಾವು ಎಂದು ನನ್ನ ಮೈ ಲೆಕ್ಕ ಹಾಕಿ ಇಟ್ಟುಕೊಂಡಿತ್ತು ಎಂಬುದು ಹೇಳುತ್ತ ಹೇಳುತ್ತ ನನಗೇ ತಿಳಿಯಿತು. ಅತ್ತೆಯವರು ನನ್ನ ಕೈ ಹಿಡಿದುಕೊಂಡಿದ್ದರು. ಅವರ ಕೈಬಳೆ ನನ್ನ ಮಣಿಕಟ್ಟಿಗೆ ಒತ್ತಿ ಗುರುತು ಮೂಡಿತ್ತು.

ಡಾಕ್ಟರಬಾಯಿ ಒಂದು ಪಾಟಿಯ ಮೇಲೆ ಸೀಮೆಸುಣ್ಣದಲ್ಲಿ ಹೆಣ್ಣಿನ ಒಳಗಿನ ಚಿತ್ರ ಬರೆದರು. ಗರ್ಭಕೋಶ ಇಲ್ಲಿ, ಮುಟ್ಟು ಬರುವ ದಾರಿ ಇದು, ಮೂತ್ರದ ದಾರಿ ಬೇರೆ. ಹೊರಗೆ ಈ ಸಣ್ಣ ಜಾಗ ಸುಖಕ್ಕೆಂದೇ ಇರುವುದು ಎಂದು, ಭೂಗೋಳದ ಪಾಠ ಹೇಳುವಷ್ಟೇ ಸರಳವಾಗಿ ಹೇಳಿದರು. ಹೆಣ್ಣಿಗೆ ಆಸೆಯಾದಾಗ ಆ ಕಡೆ ರಕ್ತ ಹರಿದುಬರುತ್ತದೆ, ಬೆಚ್ಚಗಾಗುತ್ತದೆ, ಪಸೆ ಒಸರುತ್ತದೆ, ಸ್ನಾಯು ತಾವೇ ಸಡಿಲಾಗುತ್ತವೆ. ಅದಕ್ಕೆ ಹೊತ್ತು ಬೇಕು, ನೆಮ್ಮದಿ ಬೇಕು, ಜೊತೆಗಿರುವವರ ಮೇಲೆ ನಂಬಿಕೆ ಬೇಕು. ಅದು ಯಾವುದೂ ಆಗದೆ ಅವಸರ ಮಾಡಿದರೆ ಯಾರಿಗಾದರೂ ನೋವಾಗುತ್ತದೆ ಎಂದರು.

ಅತ್ತೆಯವರು ಪಾಟಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. "ಇದೆಲ್ಲಾ ನನ್ನ ಮೈಯಾಗೂ ಐತೇನ್ರಿ ಬಾಯಿ?" ಎಂದು ಕೇಳಿದರು.

"ಐತ್ರಿ. ಎಲ್ಲಾ ಐತಿ."

"ಸುಖಕ್ಕಂತ ಒಂದ ಜಾಗ ಬ್ಯಾರೆ ಇಟ್ಟಾನ ದೇವರು. ನಮಗ ಯಾರೂ ಹೇಳಲಿಲ್ಲ" ಎಂದರು ಅತ್ತೆ. ಸೆರಗಿನಿಂದ ಪಾಟಿ ಒರೆಸಲು ಹೋದವರು, ಒರೆಸದೆ ಹಾಗೆಯೇ ಹಿಂದಕ್ಕೆ ಕೊಟ್ಟರು.

ಗುಳಿಗೆ ಕೊಡುತ್ತಾರೆ ಎಂದುಕೊಂಡಿದ್ದೆ. ಕೊಟ್ಟದ್ದು ಕೆಲಸ. ಕೆಲವು ಕಾಲ ಗಂಡ ಹೆಂಡತಿ ಕೂಡುವ ಪ್ರಯತ್ನವನ್ನೇ ಮಾಡಬಾರದು. ಪಕ್ಕದಲ್ಲಿ ಮಲಗಬೇಕು, ಮಾತಾಡಬೇಕು, ಬೇಕೆನಿಸಿದರೆ ಕೈ ಹಿಡಿಯಬೇಕು. ನಾನು ಸ್ನಾನದ ಹೊತ್ತಿನಲ್ಲಿ ಬೆಚ್ಚಗಿನ ನೀರಿನಲ್ಲಿ ನನ್ನ ಮೈಯನ್ನು ನಾನೇ ಮುಟ್ಟಿ ಗುರುತು ಮಾಡಿಕೊಳ್ಳಬೇಕು. ಆ ಸ್ನಾಯುಗಳನ್ನು ಬೇಕೆಂದೇ ಬಿಗಿದು, ಉಸಿರು ಬಿಡುತ್ತ ಸಡಿಲಿಸುವುದನ್ನು ಕಲಿಯಬೇಕು. "ಬಿಗಿಯೂದು ನಿನಗ ಬರತೈತಿ. ಬಿಡೂದು ಕಲಿ" ಎಂದರು. ಮುಂದಿನ ಸಲ ಗಂಡನನ್ನು ಕರೆದುಕೊಂಡು ಬರಬೇಕೆಂದೂ ಹೇಳಿದರು.

ಅವರು ಬಂದರು. ಹೆಂಗಸರ ದವಾಖಾನೆಯ ಬೆಂಚಿನ ಮೇಲೆ, ಬಸುರಿಯರ ನಡುವೆ, ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ಯಾರೋ ಕಿಸಕ್ಕೆಂದು ನಕ್ಕರು. ಇವರ ಕಿವಿ ಕೆಂಪಗಾಯಿತು, ಆದರೂ ಏಳಲಿಲ್ಲ. ಒಳಗೆ ಹೋದ ಮೇಲೆ ಡಾಕ್ಟರಬಾಯಿ ಕೇಳುವ ಮೊದಲೇ ಇವರು ಹೇಳಿದರು: "ಆಕೀಗೆ ನಾ ಬ್ಯಾಡಾಗೇನಿ ಅಂತ ತಿಳಿದಿದ್ದೆ ಬಾಯಿ. ಹಂಗಿದ್ರ ತವರಮನಿಗೆ ಬಿಟ್ಟಬಂದೇನು, ಮತ್ತ ಸಾಲಿ ಕಲಸಲಿ ಅಂತ ವಿಚಾರ ಮಾಡಾಕತ್ತಿದ್ದೆ."

ನಾನು ಅವರ ಕಡೆ ತಿರುಗಿ ನೋಡಿದೆ. ಒಂದು ವರ್ಷದಿಂದ ಬೆನ್ನು ಮಾಡಿ ಮಲಗಿದ ಮನುಷ್ಯ ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದು ನಾನು ತಿಳಿದಿದ್ದೆ. "ನೀವು ಬ್ಯಾಡಾಗಿಲ್ರಿ" ಎಂದೆ. ಮೂರನೆಯವರ ಮುಂದೆ ಗಂಡನಿಗೆ ಹಾಗೆ ಹೇಳುವುದು ನಾಚಿಕೆಯ ಮಾತು. ಆದರೂ ಹೇಳಿದೆ. ಅವರು ಟೋಪಿಯನ್ನು ತಿರುವುತ್ತ ತಿರುವುತ್ತ ಅದನ್ನೇ ನೋಡುತ್ತ ಕೂತರು. ಡಾಕ್ಟರಬಾಯಿ ಕಿಟಕಿಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಮ್ಮನ್ನು ನಮ್ಮ ಪಾಡಿಗೆ ಬಿಟ್ಟರು. ಆಮೇಲೆ ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದರು, ಕೊನೆಗೆ ಒಂದು ಕರಾರು ಹಾಕಿದರು: "ಆಕಿ ಸಾಕು ಅಂದ್ರ ಸಾಕು. ಯಾಕ ಅಂತ ಕೇಳೂದಿಲ್ಲ, ಮುಖ ಸಣ್ಣದ ಮಾಡೂದಿಲ್ಲ." ಇವರು ಹೂಂ ಎಂದರು.

ಹುಕ್ಕೇರಿಯ ಮನೆಯಲ್ಲಿ ನಮ್ಮ ಕೋಣೆಗೂ ಪಡಸಾಲೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಆ ಕಡೆ ಬಂದುಹೋಗುವ ನೆಂಟರು ಕೆಮ್ಮಿದರೂ ಈ ಕಡೆ ಕೇಳುತ್ತಿತ್ತು. ಅತ್ತೆಯವರು ಮಾಳಿಗೆಯ ಮೇಲೆ ನೂಲಿನ ಗಂಟು ತುಂಬಿದ್ದ ಕೋಣೆಯನ್ನು ತಾವೇ ನಿಂತು ಖಾಲಿ ಮಾಡಿಸಿ, ಸಾರಿಸಿ, ಅಲ್ಲಿ ನಮ್ಮ ಹಾಸಿಗೆ ಇಡಿಸಿದರು. ಮೇಲವಂಕಿಯ ಸೋದರತ್ತೆ ಸುಮ್ಮನಿರಲಾರದೆ, "ಹುಡಿಗಿ ಕಡೇವರಿಗೆ ಏನಂತ ಹೇಳಲಿ?" ಎಂದು ಕೇಳಿದರು.

"ನನ್ನ ಮಗಗ ಮದವಿ ಆಗೇತಿ ಅಂತ ಹೇಳ್ರಿ."

"ಮೊಮ್ಮಗ ಬ್ಯಾಡೇನ ನಿನಗ?"

"ಬೇಕು. ಆದ್ರ ಅವರಿಬ್ಬರೂ ನಕ್ಕೊಂತ ಇರೂದು ಮೊದಲ ಬೇಕು" ಎಂದರು ಅತ್ತೆಯವರು. ಸೋದರತ್ತೆ ಆ ವಾರವೇ ಊರಿಗೆ ಹೊರಟರು. ಅತ್ತೆಯವರು ಅವರಿಗೆ ಬುತ್ತಿ ಕಟ್ಟಿಕೊಟ್ಟು ಮೋಟಾರು ಹತ್ತಿಸಿ ಬಂದರು, ನನ್ನ ತೋಳಿನ ದಾರವನ್ನು ತಾವೇ ಬಿಚ್ಚಿದರು.

ಕಲಿಕೆ ನಿಧಾನವಾಗಿತ್ತು. ಮೊದಮೊದಲು ನನ್ನ ಮೈಯನ್ನು ನಾನು ಮುಟ್ಟುವುದಕ್ಕೇ ಪರರ ವಸ್ತು ಮುಟ್ಟಿದಂತೆ ಅಂಜಿಕೆಯಾಗುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ನಾವು ಮಾಳಿಗೆಯಲ್ಲಿ ಕೂತು ಮಾತಾಡುತ್ತಿದ್ದೆವು. ಅವರು ಅಂಗಡಿಗೆ ಬಂದವರ ಚೌಕಾಸಿಯನ್ನು ಆಡಿ ತೋರಿಸುತ್ತಿದ್ದರು. ನಾನು ಶಾಲೆಯ ಹುಡುಗಿಯರ ಕಥೆ ಹೇಳುತ್ತಿದ್ದೆ. ಅಕ್ಕನ ಮಾತನ್ನೂ ಹೇಳಿದೆ. ಅದಾದ ಮೇಲೆ ಅವರು ಮೂಡಲಗಿಗೆ ಹೋದಾಗೆಲ್ಲ ನನ್ನ ಅವ್ವನ ಹತ್ತಿರ ಕೂತು, ಅಕ್ಕ ಹೇಗಿದ್ದಳು, ಏನು ಹಾಡುತ್ತಿದ್ದಳು ಎಂದು ಕೇಳುತ್ತಿದ್ದರು. ಅವ್ವ ಅಳುತ್ತ ನಗುತ್ತ ಹೇಳುತ್ತಿದ್ದಳು.

ಮಳೆಗಾಲ ಮುಗಿದ ಮೇಲಿನ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿಗಳು ಎಳೆದು ನೋಡಿ ಬಿಟ್ಟುಹೋದ ಸೀರೆಗಳ ರಾಶಿ ಬಿದ್ದಿತ್ತು. ನಾನೊಂದು ತುದಿ ಅವರೊಂದು ತುದಿ ಹಿಡಿದು ಮಡಚುತ್ತಿದ್ದೆವು. ಮಡಿಕೆಗೊಮ್ಮೆ ಇಬ್ಬರೂ ಹತ್ತಿರ ಬರಬೇಕು, ತುದಿ ಕೂಡಿಸಿ ಮತ್ತೆ ಹಿಂದೆ ಸರಿಯಬೇಕು. ಅವರ ಕೈಗೆ ಹೊಸ ಬಟ್ಟೆಯ ಗಂಜಿಯ ವಾಸನೆಯಿತ್ತು. ಒಂದು ಸಲ ಅವರು ತುದಿ ಕೊಟ್ಟು ಹಿಂದೆ ಸರಿದಾಗ, ಇನ್ನೂ ಸ್ವಲ್ಪ ಹೊತ್ತು ಇಲ್ಲೇ ನಿಲ್ಲಬಾರದಿತ್ತೇ ಎಂದು ನನಗೆ ಅನಿಸಿತು. ಹೊಟ್ಟೆಯ ಕೆಳಗೆ ಬೆಚ್ಚಗೆ ಏನೋ ಹರಡಿತು. ಡಾಕ್ಟರಬಾಯಿ ಹೇಳಿದ್ದು ಇದೇ ಎಂದು ಗೊತ್ತಾಗಿ ನಾನು ನಕ್ಕುಬಿಟ್ಟೆ. "ಯಾಕ?" ಎಂದರು. "ಏನಿಲ್ರಿ" ಎಂದೆ. ಆ ದಿನವೆಲ್ಲ ನಾನು ಮಾಳಿಗೆಯ ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದಿಗೆ ಕಾಯ್ದೆ. ಕಾಯುವುದರಲ್ಲೂ ಒಂದು ಸುಖವಿದೆ ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಮೊದಲ ಸಲವೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅರ್ಧಕ್ಕೆ ಮೈ ಮತ್ತೆ ಬಿಗಿಯಿತು. ಸಾಕು ಎಂದೆ. ಅವರು ಎದ್ದು ತಂಬಿಗೆಯಲ್ಲಿ ನೀರು ತಂದುಕೊಟ್ಟರು. ನಾನು ಕುಡಿಯುವಾಗ ನೆತ್ತಿಗೆ ಹತ್ತಿ ಕೆಮ್ಮಿದೆ, ನೀರೆಲ್ಲ ಅವರ ಎದೆಯ ಮೇಲೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೆಳಗೆ ಅತ್ತೆಯವರಿಗೆ ಆ ನಗು ಕೇಳಿಸಿರಬೇಕು. ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತ, ನನ್ನನ್ನು ಏನೂ ಕೇಳದೆ, ನನ್ನ ತಲೆಗೆ ತಾವೇ ಎಣ್ಣೆ ಹಚ್ಚಲು ಕರೆದರು.

ಕೆಲವು ದಿನಗಳ ಮೇಲೆ ನೋವಿಲ್ಲದೆ ಆಯಿತು. ಇನ್ನೂ ಕೆಲವು ಕಾಲ ಕಳೆದ ಮೇಲೆ ಸುಖವೂ ಬಂತು. ಆಗ ನನಗೆ ಅಳು ಬಂತು. ಅವರು ಗಾಬರಿಯಾಗಿ, "ಬ್ಯಾನಿ ಆತೇನ?" ಎಂದು ಕೇಳಿದರು. ಅಲ್ಲ ಎಂದು ತಲೆಯಾಡಿಸಿದೆ. ನನ್ನ ಮೈ ನನ್ನದು, ಅದು ನನಗೆ ಶತ್ರುವಲ್ಲ ಎಂದು ತಿಳಿದು ಬಂದ ಅಳು ಅದು. ಅದನ್ನು ಆಗ ಮಾತಿನಲ್ಲಿ ಹೇಳಲು ಬರಲಿಲ್ಲ.

ಮಗಳು ಹುಟ್ಟಿದ್ದು ಗೋಕಾಕದ ಆ ದವಾಖಾನೆಯಲ್ಲೇ. ತವರಿನ ಆ ಕೋಣೆಯಲ್ಲಿ ಹೆರಿಗೆ ಬೇಡ ಎಂದು ಡಾಕ್ಟರಬಾಯಿ ಮೊದಲೇ ಹೇಳಿದ್ದರು. ನೋವಿನ ಹೊತ್ತಿನಲ್ಲಿ ಒಂದು ಬದಿ ಅವ್ವ, ಒಂದು ಬದಿ ಅತ್ತೆ ನಿಂತಿದ್ದರು. ಪ್ರತಿಯೊಂದಕ್ಕೂ ಮೊದಲು ಡಾಕ್ಟರಬಾಯಿ, "ಈಗ ಕೈ ಇಡತೇನಿ, ಇಡಲಿ?" ಎಂದು ಕೇಳುತ್ತಿದ್ದರು. ಮಗುವಾದ ಮೇಲೆ ಎಷ್ಟೋ ತಿಂಗಳು ನನಗೆ ಆಸೆಯೇ ಹುಟ್ಟಲಿಲ್ಲ. ಮೊದಲಿನ ನಾನಾಗಿದ್ದರೆ ಹೆದರುತ್ತಿದ್ದೆ. ಆದರೆ ಹಾಲೂಡಿಸುವಾಗ ಹೀಗಾಗುವುದುಂಟು, ಪಸೆಯೂ ಕಡಿಮೆಯಾಗುವುದುಂಟು, ನಿದ್ದೆಗೆಟ್ಟ ಮೈ ಮೊದಲು ನಿದ್ದೆ ಕೇಳುತ್ತದೆ ಎಂದು ಡಾಕ್ಟರಬಾಯಿ ಹೇಳಿಕಳಿಸಿದ್ದರು. ನಾವು ಕಾಯ್ದೆವು. ಅದು ತಾನಾಗಿ ಮರಳಿತು.

ದೊಡ್ಡ ಲಡಾಯಿ ನಡೆದಿದ್ದ ಒಂದು ವರ್ಷ ಡಾಕ್ಟರಬಾಯಿ ತಮ್ಮ ಅಣ್ಣನ ಊರಿಗೆ ಹೊರಟರು. ಬೀಳ್ಕೊಡಲು ಅತ್ತೆಯವರೂ ಬಂದಿದ್ದರು. ಮೋಟಾರಿನ ವಾಂತಿಗೆ ಹೆದರುವವರು ಅದನ್ನೂ ಸಹಿಸಿಕೊಂಡು ಬಂದರು. ಬಾಯಿಯವರು ಬಿಳಿ ಸೀರೆಯನ್ನೇ ಉಡುತ್ತಾರೆಂದು ನಮ್ಮ ಅಂಗಡಿಯಿಂದ ಸಣ್ಣ ಹಸಿರು ಅಂಚಿನ ಬಿಳಿ ಸೀರೆ ಆರಿಸಿ ತಂದಿದ್ದರು. ಅದನ್ನು ಕೊಟ್ಟು ಕಾಲಿಗೆ ಬಗ್ಗಿದಾಗ ಡಾಕ್ಟರಬಾಯಿ ಹೌಹಾರಿ ಹಿಂದೆ ಸರಿದರು. "ನೀವು ದೊಡ್ಡವರು, ಏನ ಮಾಡತೀರಿ!" ಎಂದು ಎತ್ತಿದರು. ಅತ್ತೆಯವರು, "ನಮ್ಮ ಮನ್ಯಾಗ ಎರಡ ಜೀವ ಉಳಿಸೀರಿ. ಒಂದ ನನ್ನ ಸೊಸಿದು. ಇನ್ನೊಂದು ನನ್ನ ಮಗಂದು" ಎಂದರು. ಡಾಕ್ಟರಬಾಯಿಯವರನ್ನು ಮತ್ತೆ ನಾನು ನೋಡಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನಾನೂ ಅತ್ತೆಯವರೂ ಹಿತ್ತಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಮಗಳು ಚಾಪೆಯ ಮೇಲೆ ಮಲಗಿದ್ದಳು. ಅತ್ತೆಯವರು ಮೊರದ ಕಡೆ ನೋಡುತ್ತಲೇ, "ಒಂದ ಮಾತ ಕೇಳತೇನಿ, ನಗಬಾರದು" ಎಂದರು.

"ಕೇಳ್ರಿ ಅತ್ತಿ."

"ಹೆಂಗಿರತೈತಿ ಅದು? ಬಾಯಿಯವರು ಹೇಳಿದ್ದು?"

ನಾನು ನಗಲಿಲ್ಲ. "ಎಲ್ಲಾ ಕೆಲಸ ಮುಗಿಸಿ, ಬಿಸಿನೀರ ಸ್ನಾನ ಮಾಡಿ, ಬಿಸಲಾಗ ಕುಂತಂಗ ಇರತೈತ್ರಿ. ಮೈಯಲ್ಲಾ ಒಮ್ಮೆ ಹಗುರ ಆಗತೈತಿ. ಯಾರ ಮ್ಯಾಲೂ ಸಿಟ್ಟ ಉಳಿಯೂದಿಲ್ಲ" ಎಂದೆ.

ಅವರು ಕೈಯಲ್ಲಿದ್ದ ಕಾಯಿ ಒಡೆದು ಬೀಜ ಮೊರಕ್ಕೆ ಹಾಕಿದರು. ಅವರ ಮುಖದಲ್ಲಿ ದುಃಖ ಕಾಣಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಆದರೆ ಅದರ ಮೇಲೆ ಇನ್ನೊಂದು ಇತ್ತು, ಅದು ನನ್ನ ಪರವಾದ ಖುಷಿ.

"ಚಲೋ ಆತ ಬಿಡು" ಎಂದರು. "ನಿನಗರ ಗೊತ್ತಾತು. ಇದಕ್ಕ ದೊಡ್ಡಾಕಿ ಆದಮ್ಯಾಲ ನೀನ ಹೇಳು. ನಾಚಿಕಿ ಮಾಡಬ್ಯಾಡ" ಎಂದು ಗದ್ದದಿಂದ ಚಾಪೆಯ ಮೇಲಿನ ಮಗುವನ್ನು ತೋರಿಸಿದರು.

ಹೇಳಿದೆ. ಮಗಳಿಗೆ ಹೇಳಿದೆ. ಮುಂದೆ ಹುಕ್ಕೇರಿಯ ಶಾಲೆಯಲ್ಲಿ ಮತ್ತೆ ಅಕ್ಕೋರಾದ ಮೇಲೆ, ಮದುವೆಯಾಗಿ ಹೋದ ಹಳೆಯ ವಿದ್ಯಾರ್ಥಿನಿಯರು ತವರಿಗೆ ಬಂದಾಗ ನನ್ನನ್ನು ಹುಡುಕಿಕೊಂಡು ಬಂದು, ಅದೂ ಇದೂ ಮಾತಾಡಿ, ಏಳುವ ಹೊತ್ತಿಗೆ ತಡವರಿಸುತ್ತಿದ್ದರು. ಆ ತಡವರಿಕೆ ನನಗೆ ಗುರುತಿತ್ತು. ಕೂಡ್ರು ಎನ್ನುತ್ತಿದ್ದೆ. ಬಾಗಿಲು ಮುಂದೆ ಮಾಡುತ್ತಿದ್ದೆ. ನನಗೆ ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದಕ್ಕೆ ಬೆಳಗಾವಿಯ ಡಾಕ್ಟರ ಹತ್ತಿರ ಹೋಗು ಎನ್ನುತ್ತಿದ್ದೆ. ಕೆಲವರ ಜೊತೆ ನಾನೇ ಹೋಗಿದ್ದುಂಟು. ಎಲ್ಲರಿಗೂ ನನ್ನ ಗಂಡನಂಥ ಗಂಡ ಸಿಕ್ಕಿರಲಿಲ್ಲ, ನನ್ನ ಅತ್ತೆಯಂಥ ಅತ್ತೆಯಂತೂ ಇಲ್ಲವೇ ಇಲ್ಲ. ನನಗೆ ಸಿಕ್ಕರು. ಯಾಕೆ ಸಿಕ್ಕರೋ ನನಗೆ ಗೊತ್ತಿಲ್ಲ.